ಗಾಳಿ ಬೀಸದ ದಿನದ ಬಟ್ಟೆ

ಆ ದಿನ ಒಂದಿಷ್ಟು ಗಾಳಿ ಬೀಸಿದ್ದರೆ ಅತ್ತಿಗೆ ಈ ಪಾಡು ಪಡಬೇಕಾಗಿರಲಿಲ್ಲ. ಬಿರುಗಾಳಿಯೇನೂ ಬೇಡ, ಹಗ್ಗದ ಮೇಲಿನ ಟವೆಲ್ಲಿನ ತುದಿ ಅಲ್ಲಾಡುವಷ್ಟಾದರೆ ಸಾಕಿತ್ತು. ಬೀಸಲಿಲ್ಲ. ಅತ್ತೆ ಹಿತ್ತಿಲಲ್ಲಿ ಹೊದಿಕೆ, ಅಂಗಿ, ಟವೆಲ್ಲು ಒಂದೊಂದಾಗಿ ಹಗ್ಗಕ್ಕೆ ಹಾಕುತ್ತ ಹೋದರು. ಹಾಕಿದ್ದು ಹಾಕಿದ ಹಾಗೇ, ಗೋಡೆಗೆ ಬಳಿದ ಬಣ್ಣದಂತೆ ನಿಂತಿತು. ಅಡುಗೆಮನೆಯ ಕಿಟಕಿಯಲ್ಲಿ ಕ್ಯಾಮೆರಾ ಇಟ್ಟು ಅತ್ತಿಗೆ ಅದನ್ನು ವಿಡಿಯೋ ಮಾಡಿಕೊಂಡಳು. ಆಗ ಅವಳಿಗೆ ಹೊಸದಾಗಿ ಮದುವೆಯಾಗಿತ್ತು, ಹೊಸದಾಗಿ ಕೆಲಸವೂ ಸಿಕ್ಕಿತ್ತು, ಕೆಲಸದಲ್ಲಿ ಪರೀಕ್ಷೆ ಮಾಡಿ ನೋಡಲು ಯಾವುದಾದರೊಂದು ವಿಡಿಯೋ ಬೇಕಿತ್ತು. ಅಷ್ಟೇ. ಅದೇ ವಿಡಿಯೋ ಈಗ ಅಪೀಲು ಕೋರ್ಟಿನಲ್ಲಿ ಅವಳ ಕೊರಳಿಗೆ ಸುತ್ತಿಕೊಂಡು ಕೂತಿತ್ತು.

ಅವಳನ್ನು ಮೊದಲು ‘ಅತ್ತಿಗೆ’ ಎಂದವನು, ಸಹಜವಾಗಿ, ಮೈದುನ. ಗಂಡ ಹಡಗಿನಲ್ಲಿ ಅಡುಗೆಯವನು. ವರ್ಷದ ಬಹುಪಾಲು ನೀರಿನ ಮೇಲೇ ಇರುತ್ತಾನೆ. ಮನೆಯಲ್ಲಿ ಉಳಿದವರು ಅತ್ತೆ, ಮೈದುನ, ಇವಳು. ಅತ್ತಿಗೆ-ಮೈದುನ ಸೇರಿ ವರ್ಕ್‌ಶಾಪು ತೆರೆದಾಗ ಕೆಲಸಕ್ಕೆ ಬಂದವರೂ ಹಾಗೇ ಕರೆದರು. ಕೊನೆಗೆ ತಂತಿ ಮಾರಲು ಬರುವ ಮುದುಕ, ಅವಳಪ್ಪನ ವಯಸ್ಸಿನವನು, ಅವನೂ “ಅತ್ತಿಗೆ, ಈ ಸಲ ತಾಮ್ರ ತುಟ್ಟಿ” ಎನ್ನತೊಡಗಿದ ಮೇಲೆ ಅದೇ ಅವಳ ಹೆಸರಾಯಿತು.

ಅವಳ ಕೆಲಸ ಏನೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ವಿಡಿಯೋ ಎನ್ನುವುದು ಬರುವಾಗ ಮಡಿಸಿ, ಹಿಂಡಿ, ಗಂಟು ಕಟ್ಟಿಕೊಂಡು ಬರುತ್ತದೆ. ಯಂತ್ರ ಆ ಗಂಟು ಬಿಚ್ಚಿ, ಮಡಿಕೆ ಬಿಡಿಸಿ, ಚಿತ್ರ ಮಾಡಿ ತೋರಿಸಬೇಕು. ಚಿತ್ರ ಗೋಡೆಯಗಲ, ಪರದೆ ಅಂಗೈಯಗಲ ಇದ್ದರೆ? ಆ ಕಾಲದಲ್ಲಿ ಎಲ್ಲರೂ ಗೋಡೆಯಗಲದ ಚಿತ್ರವನ್ನು ಪೂರ್ತಿ ಬಿಡಿಸಿ, ಆಮೇಲೆ ಕುಗ್ಗಿಸುತ್ತಿದ್ದರು. ದೊಡ್ಡವರ ಅಂಗಿ ಹೊಲಿದು ಆಮೇಲೆ ಮಗುವಿನ ಅಳತೆಗೆ ಕತ್ತರಿಸಿದ ಹಾಗೆ. ಬಟ್ಟೆಯೂ ದಂಡ, ದುಡಿಮೆಯೂ ದಂಡ. ಕತ್ತರಿ ಹಾಕುವಾಗಲೇ ಮಗುವಿನ ಅಳತೆಗೆ ಹಾಕೋಣ ಎಂದವಳು ಅತ್ತಿಗೆ. ಅಂದರೆ ಮಡಿಕೆ ಬಿಡಿಸುವ ಮೊದಲೇ ಬೇಡದ್ದನ್ನು ಬಿಟ್ಟುಬಿಡುವುದು. ಬಿಚ್ಚುವುದೂ ಕುಗ್ಗಿಸುವುದೂ ಒಂದೇ ಏಟಿಗೆ. ಬಡ ಯಂತ್ರಗಳಿಗೂ ಉಸಿರು ಬಂತು. ಕಂಪನಿ ಅದಕ್ಕೆ ಪೇಟೆಂಟು ಮಾಡಿಸಿತು. ಕಂಡುಹಿಡಿದವರ ಜಾಗದಲ್ಲಿ ಅವಳ ಹೆಸರು, ಒಡೆಯರ ಜಾಗದಲ್ಲಿ ಕಂಪನಿಯ ಹೆಸರು. ಅದರಲ್ಲಿ ಮೋಸವೇನೂ ಇರಲಿಲ್ಲ. ಸಂಬಳ ತೆಗೆದುಕೊಂಡು ಯೋಚಿಸಿದ್ದು ಸಂಬಳ ಕೊಟ್ಟವರದ್ದು ಎಂದು ಸೇರುವ ದಿನವೇ ಒಪ್ಪಿದ್ದಳು.

ಕಂಪನಿಯ ಲ್ಯಾಬಿನಲ್ಲಿ ಒಂದು ರೂಢಿ ಬೆಳೆದಿತ್ತು. ಯಾರು ಏನೇ ಹೊಸದು ಮಾಡಿದರೂ ಮೊದಲು ಅತ್ತೆ ಬಟ್ಟೆ ಹಾಕುವ ವಿಡಿಯೋ ಓಡಿಸಿ ನೋಡಬೇಕು. ‘ಬಟ್ಟೆ ವಿಡಿಯೋ’ ಎಂದೇ ಅದರ ಹೆಸರು. ನೋಡಿ ನೋಡಿ ಪ್ರತಿಯೊಬ್ಬರಿಗೂ ಅದರ ನೆರಿಗೆ ನೆರಿಗೆಯೂ ಬಾಯಿಪಾಠ. ಯಂತ್ರ ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೇ ಬೇರೆ ವಿಡಿಯೋ ಯಾರಿಗೂ ಬೇಡವಾಯಿತು. ಅತ್ತೆಯನ್ನು ಒಮ್ಮೆಯೂ ಕಾಣದವರಿಗೆ ಅತ್ತೆ ಹಲ್ಲಿನಲ್ಲಿ ಕ್ಲಿಪ್ಪು ಕಚ್ಚಿಕೊಳ್ಳುವ ವರಸೆ ಗೊತ್ತಿತ್ತು. ಕೆಲಸ ಬಿಟ್ಟವರು ಹೋಗುವಾಗ ಅದನ್ನೂ ಒಯ್ದರು. ಅವರು ಹೋದ ಹೋದ ಕಡೆಯೆಲ್ಲ ಅತ್ತೆ ಬಟ್ಟೆ ಹಾಕುತ್ತಲೇ ಇದ್ದರು.

ಅತ್ತಿಗೆಯೂ ಒಂದು ದಿನ ಕೆಲಸ ಬಿಟ್ಟಳು. ಅವಳ ಉಪಾಯದಲ್ಲಿ ಒಂದು ಊನವಿತ್ತು, ಅದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಚಿತ್ರದಲ್ಲಿ ಏನಾದರೂ ಓಡಿದರೆ, ಕುಣಿದರೆ, ಕೆಲವೇ ಕ್ಷಣಕ್ಕೆ ಅಂಚೆಲ್ಲ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಳ್ಳುತ್ತಿತ್ತು. ಸರಿಮಾಡುತ್ತೇನೆ ಎಂದರೆ ಲ್ಯಾಬಿನ ಮುಖ್ಯಸ್ಥರು, ಅವಳಿಗೆ ಕೆಲಸ ಕಲಿಸಿದವರು, ಎಲ್ಲರೂ ‘ಮೇಷ್ಟ್ರು’ ಎನ್ನುತ್ತಿದ್ದವರು, “ಮಾರಾಟ ಆಗ್ತಾ ಇದೆಯಲ್ಲಮ್ಮಾ, ಸುಮ್ಮನಿರು” ಎಂದರು. ಸುಮ್ಮನಿರುವುದು ಅವಳ ಜಾಯಮಾನವಲ್ಲ. ಮೈದುನನ ಜೊತೆ ವರ್ಕ್‌ಶಾಪು ತೆರೆದು, ವರ್ಷಗಟ್ಟಲೆ ತಿಣುಕಿ, ಕೊನೆಗೆ ಒಂದು ಪುಟ್ಟ ಡಬ್ಬಿ ಮಾಡಿದಳು. ಅದು ಮೊದಲು ಯಾವುದು ಅಲ್ಲಾಡುತ್ತಿದೆ, ಯಾವುದು ನಿಂತಿದೆ ಎಂದು ನೋಡುತ್ತದೆ. ಅಲ್ಲಾಡುವ ತುಂಡುಗಳಿಗೆ ಹೊಸ ದಾರಿ. ನಿಂತ ತುಂಡುಗಳಿಗೆ ಅದೇ ಹಳೆಯ ದಾರಿ. ಆ ಹಳೆಯದನ್ನು ಬಿಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ನಮ್ಮ ಅಡುಗೆಮನೆಗೆ ನಾವೇ ಬಾಗಿಲು ತಟ್ಟಿ ಹೋಗುತ್ತೇವೆಯೇ? ಕೈ ತಾನಾಗಿ ಬರೆದುಬಿಟ್ಟಿತು.

ಡಬ್ಬಿಯನ್ನು ದನದ ಡಾಕ್ಟರುಗಳು ಮೆಚ್ಚಿ ಕೊಂಡರು. ಸ್ಕ್ಯಾನಿಂಗ್ ಯಂತ್ರದ ದೊಡ್ಡ ಚಿತ್ರ ಅಂಗೈಯಗಲದ ಪರದೆಯಲ್ಲಿ ಬಂದರೆ ಕೊಟ್ಟಿಗೆಯಲ್ಲೇ ನಿಂತು ನೋಡಬಹುದು. ವರ್ಕ್‌ಶಾಪು ಚೇತರಿಸಿಕೊಂಡಿತು. ಆಗ ಕಂಪನಿ ಕೇಸು ಹಾಕಿತು.

ಕೆಳಗಿನ ಕೋರ್ಟಿನಲ್ಲಿ ಮೊದಲ ವಕೀಲ, “ಡಬ್ಬಿ ಕೆಲಸ ಮಾಡೋದನ್ನ ತೋರಿಸ್ಬೇಕು, ಯಾವ ವಿಡಿಯೋ ಹಾಕೋಣ?” ಎಂದು ಕೇಳಿದಾಗ ಮೈದುನ ಎದೆ ಉಬ್ಬಿಸಿ, “ನಮ್ಮಮ್ಮಂದೇ ಇದೆಯಲ್ಲ! ಲೋಕವೆಲ್ಲ ಅದನ್ನೇ ಹಾಕೋದು” ಎಂದ. ಅತ್ತಿಗೆಯೂ ಹೂಂ ಎಂದಳು. ಇನ್ನೊಂದು ವಿಡಿಯೋ ಹಾಕಬಹುದೆಂಬುದು ಆ ಕಸುಬಿನವರ ತಲೆಗೆ ಬರುವ ಮಾತೇ ಅಲ್ಲ. ಅದಕ್ಕೂ ಮೊದಲೇ ಕಂಪನಿಯವರೂ ಅದನ್ನೇ ಹಾಕಿದ್ದರು. ಗಾಳಿಯಿಲ್ಲದ ದಿನ, ಕಲ್ಲಿನಂತೆ ನಿಂತ ಬಟ್ಟೆ. ಅಲ್ಲಾಡುವುದೆಂದರೆ ಅತ್ತೆಯ ಕೈ ಒಂದೇ, ಅದೂ ಅವರ ವಾತದ ಕೈ, ಗಡಿಯಾರದ ಗಂಟೆ ಮುಳ್ಳಿನ ಹಾಗೆ. ಡಬ್ಬಿ ನೋಡಿತು, ಎಲ್ಲ ನಿಂತೇ ಇದೆ ಎಂದುಕೊಂಡಿತು, ಆದಿಯಿಂದ ಅಂತ್ಯದವರೆಗೆ ಹಳೆಯ ದಾರಿಯಲ್ಲೇ ನಡೆಯಿತು. ಹೊಸ ಅರ್ಧ ನಿದ್ದೆಯಿಂದ ಏಳಲೇ ಇಲ್ಲ. ನ್ಯಾಯಾಧೀಶರ ಮುಂದೆ ಎರಡು ಪರದೆ, ಎರಡರಲ್ಲೂ ಒಂದೇ ಚಿತ್ರ, ಒಂದೇ ನಡೆ. ಅವರಾದರೂ ಏನು ಮಾಡಿಯಾರು? ಡಬ್ಬಿಯೆಂದರೆ ಪೇಟೆಂಟೇ ಎಂದರು. ಡಬ್ಬಿ ಮಾಡುವಂತಿಲ್ಲ, ಮಾರುವಂತಿಲ್ಲ, ಅದರಿಂದ ಬೆಳೆಸಿದ ಮತ್ತಾವುದನ್ನೂ ಮಾಡುವಂತಿಲ್ಲ ಎಂದರು. ಅತ್ತಿಗೆಗೆ ತನ್ನ ತಲೆಯ ಸುತ್ತಲೇ ಬೇಲಿ ಹಾಕಿದಂತಾಯಿತು.

ಅಪೀಲಿನ ವಕೀಲರು ವಯಸ್ಸಾದವರು, ಹೆಸರಾಂತವರು. ಅವರ ಆಫೀಸು ಬೂಟು ರಿಪೇರಿ ಅಂಗಡಿಯ ಮೇಲಿತ್ತು. ಅಂಟಿನ ವಾಸನೆ ಮೆಟ್ಟಿಲು ಹತ್ತಿ ಅವರ ಕಡತಗಳಿಗೂ ಮೆತ್ತಿಕೊಂಡಿತ್ತು. ಒಂದೇ ಕಿಟಕಿ, ಅದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅವರು ಯಾವ ಮಾತನ್ನೂ ‘ಆದರೆ’ ಎಂದೇ ಶುರುಮಾಡುವರು. ಮೈದುನ ಅವರಿಗೆ ‘ಆದರೆ ಸಾಹೇಬ್ರು’ ಎಂದು ಹೆಸರಿಟ್ಟಿದ್ದ.

“ಒಂದೇ ಒಂದು ವಿಡಿಯೋ, ಸಾರ್,” ಎಂದಳು ಅತ್ತಿಗೆ. “ಓಡೋ ನಾಯಿದು, ಹಾರೋ ಹಕ್ಕಿದು, ಯಾವುದಾದ್ರೂ ಸರಿ. ಅವರ ಮುಂದೆ ಹಾಕಿದ್ರೆ ಕಣ್ಣಿದ್ದೋರಿಗೆಲ್ಲ ಗೊತ್ತಾಗುತ್ತೆ.”

“ಆದರೆ ಅಪೀಲಿನಲ್ಲಿ ಹೊಸ ಸಾಕ್ಷ್ಯ ತಗೊಳ್ಳಲ್ಲಮ್ಮಾ. ಕೆಳಗೆ ಏನಿಟ್ಟಿದ್ದೀವೋ ಅಷ್ಟೇ. ಅಡುಗೆ ಆಗಿಹೋಗಿದೆ, ಇವರು ಬರೀ ರುಚಿ ನೋಡೋರು. ಈಗ ಹೋಗಿ ಉಪ್ಪು ಹಾಕೋ ಹಾಗಿಲ್ಲ.”

“ಹಾಗಾದ್ರೆ ಆ ಪೇಟೆಂಟೇ ಬುಡದಿಂದ ಸರಿಯಿಲ್ಲ ಅನ್ನಿ,” ಎಂದ ಮೈದುನ. “ಅತ್ತಿಗೆಗಿಂತ ಮುಂಚೆ ಯಾವನೋ ಒಬ್ಬ ಮಾಡಿರ್ತಾನೆ. ಹುಡುಕಿದ್ರೆ ಸಿಗಲ್ವಾ?”

“ಆದರೆ ಕಂಡುಹಿಡಿದೋರು ಯಾರು? ನಿಮ್ಮ ಅತ್ತಿಗೆ. ಇದು ಹೊಸದು ಅಂತ ಪ್ರಮಾಣ ಮಾಡಿದೋರು ಯಾರು? ನಿಮ್ಮ ಅತ್ತಿಗೆ. ಹಸು ಮಾರಿ ಬಂದೋರು ಆಮೇಲೆ ಅದು ಗೊಡ್ಡು ಅನ್ನೋ ಹಾಗಿಲ್ಲಪ್ಪಾ.”

“ಒಟ್ನಲ್ಲಿ ಅತ್ತಿಗೆ ಮೇಲೆ ಅತ್ತಿಗೆನೇ ಸಾಕ್ಷಿ,” ಎಂದ ಮೈದುನ. “ಕಂಪನಿಯವರು ಬರೋದೇ ಬೇಡ, ಮನೇಲೇ ಕೂತಿರಬಹುದು.”

ಅತ್ತಿಗೆ ನಗಲಿಲ್ಲ. “ಅರ್ಧ ಅವರದ್ದೇ, ಒಪ್ತೀವಿ, ಇನ್ನರ್ಧ ನಮ್ಮದು, ಅದನ್ನ ನೋಡಿ. ಹೀಗೆ ಕೇಳಿದ್ರೆ?”

ವಕೀಲರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು. “ಆದರೆ ಅರ್ಧ ಕೇಳೋಕೆ ಮೊದಲು ಅರ್ಧ ಒಪ್ಪಬೇಕು. ಒಪ್ಪಿದ ಗಳಿಗೆಗೆ ಡಾಕ್ಟರುಗಳ ಹತ್ರ ಇರೋ ಡಬ್ಬಿಗಳೆಲ್ಲ ವಾಪಸ್ ತರಬೇಕು. ಇನ್ನರ್ಧ ನೋಡ್ತಾರೋ ಬಿಡ್ತಾರೋ ಅವರ ಮರ್ಜಿ. ಕೈಬಿಡೋದು ಖಂಡಿತ, ಕೈಗೆ ಸಿಗೋದು ಅನುಮಾನ. ನಾವು ಹೇಳೋದು ಇಷ್ಟೇ: ಡಬ್ಬಿ ಒಳಗೆ ಪೇಟೆಂಟಿನ ಕೆಲಸ ನಡೀತಾ ಇದೆ ಅಂತ ಅವರು ಸಾಬೀತು ಮಾಡಿಲ್ಲ. ಹೊರಗೆ ಚಿತ್ರ ಒಂದೇ ಥರ ಕಂಡ ಮಾತ್ರಕ್ಕೆ ಒಳಗೂ ಒಂದೇ ಅಂತಲ್ಲ. ಅಷ್ಟೇ. ಗೆದ್ರೆ ಪೂರ್ತಿ ಗೆಲ್ತೀವಿ.”

“ಆದ್ರೆ ಒಳಗೆ ನಡೀತಾ ಇದೆಯಲ್ಲ, ಸಾರ್,” ಎಂದಳು ಅತ್ತಿಗೆ.

“ಅದು ನನ್ನ ಕಿವಿಗೆ ಬೀಳಲಿಲ್ಲ,” ಎಂದರು ವಕೀಲರು. ಅವರ ಬಾಯಲ್ಲಿ ‘ಆದರೆ’ ಇಲ್ಲದೆ ಬಂದ ಮೊದಲ ಮಾತು ಅದು.

ಮನೆಯಲ್ಲಿ ಅತ್ತೆ ಬೇರೆ ಕೋಪದಲ್ಲಿದ್ದರು. ತಮ್ಮಿಂದಲೇ ಕೇಸು ಸೋತಿತು ಎಂದು ಕಿರಿಮಗ ಯಾರಿಗೋ ಫೋನಿನಲ್ಲಿ ತಮಾಷೆ ಮಾಡಿದ್ದನ್ನು ಕೇಳಿಸಿಕೊಂಡಿದ್ದರು.

“ನಾನು ಬಟ್ಟೆ ಹಾಕಿದ್ದು ಒಣಗಲಿ ಅಂತ,” ಎಂದರು ಊಟಕ್ಕೆ ಕೂತಾಗ. “ಜಡ್ಜಿಗೆ ಬೇಕು ಅಂತ ಗೊತ್ತಿದ್ರೆ ಕುಣಿದುಕೊಂಡೇ ಹಾಕ್ತಿದ್ದೆ. ಆವಾಗ ಮೊಣಕಾಲೂ ಚೆನ್ನಾಗಿತ್ತು.”

“ನಿಮ್ಮ ತಪ್ಪು ಅಂತ ಯಾರಂದ್ರು, ಅತ್ತೆ?”

“ಇವನಂದ. ನನ್ನ ಹೊಟ್ಟೇಲೇ ಹುಟ್ಟಿದ್ದು. ಅಲ್ಲ ಕಣೇ, ಒಂದು ಮಾತು ಕೇಳ್ತೀನಿ. ಅದನ್ನ ಯೋಚ್ನೆ ಮಾಡಿದೋಳು ನೀನು. ಈಗ ಮಾಡ್ಬೇಡ ಅಂತಾರೆ ಅಂದ್ರೆ, ಆ ಯೋಚ್ನೆ ತಲೆಗೆ ಬಂದಾಗೆಲ್ಲ ಓಡಿಸ್ತಾ ಕೂರ್ಬೇಕಾ ನೀನು? ನೊಣ ಓಡಿಸಿದ ಹಾಗೆ?”

“ಯೋಚ್ನೆ ಮಾಡಬಹುದಂತೆ. ಡಬ್ಬಿಗೆ ಹಾಕೋ ಹಾಗಿಲ್ಲ.”

“ಏನು ದೊಡ್ಡ ಮನಸ್ಸು,” ಎಂದರು ಅತ್ತೆ. “ತಟ್ಟೆ ನೋಡಬಹುದು, ಉಣ್ಣೋ ಹಾಗಿಲ್ಲ.”

ವರ್ಕ್‌ಶಾಪಿಗೆ ಹೋದರೆ ಅತ್ತಿಗೆಯ ಪಾಡೂ ಅದೇ. ಕೂತು ಹೊಸದೇನಾದರೂ ಮಾಡೋಣವೆಂದರೆ ಎರಡನೆಯ ಸಾಲಿಗೇ ಕೈ ಹಳೆಯ ದಾರಿ ಹಿಡಿಯುತ್ತಿತ್ತು. ಅಳಿಸುವಳು. ಇನ್ನೊಂದು ಕಡೆಯಿಂದ ಶುರುಮಾಡುವಳು. ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುವಳು. ಎಷ್ಟೋ ವರ್ಷ ನಡೆದ ಕಾಲುದಾರಿ ಬಿಟ್ಟು ಮುಳ್ಳಿನಲ್ಲಿ ನಡೆ ಎಂದರೆ ಕಾಲು ಕೇಳುತ್ತದೆಯೇ? ಬೆಸುಗೆ ಹಾಕುವ ಹುಡುಗಿಯರು ಕೆಲಸವಿಲ್ಲದೆ ಬೆಂಚು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ, ಅದೇ ಅವಳಿಗೆ ಹೆಚ್ಚಿನ ಹಿಂಸೆ.

ವಿಚಾರಣೆಯ ದಿನ ಕೋರ್ಟಿನ ಮೊಗಸಾಲೆಯ ಬೆಂಚಿನ ಮೇಲೆ ಮೇಷ್ಟ್ರು ಕೂತಿದ್ದರು. ಕಂಪನಿಯ ಕಡೆಯವರಾಗಿ ಬಂದಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು, ಲ್ಯಾಬಿನಲ್ಲಿ ಮಾಡುತ್ತಿದ್ದ ಹಾಗೇ.

“ಅತ್ತೆ ಹೇಗಿದಾರಮ್ಮಾ? ಇವತ್ತಿಗೂ ನಾನು ಕೆಲಸ ಶುರು ಮಾಡೋದು ಅವರ ಮುಖ ನೋಡೇ.”

“ಚೆನ್ನಾಗಿದಾರೆ, ಮೇಷ್ಟ್ರೇ. ಮೊಣಕಾಲು ನೋವು.”

“ನೋಡು, ಒಳಗೆ ಹೋಗೋಕೆ ಮುಂಚೆ ಒಂದು ಮಾತು. ಅಪೀಲು ವಾಪಸ್ ತಗೋ. ಡಬ್ಬಿ ನಮ್ಮ ಹೆಸರಲ್ಲಿ ಬರಲಿ. ನಿನ್ನ ಹುಡುಗಿಯರನ್ನೆಲ್ಲ ತಗೋತೀವಿ, ನಿನ್ನ ಮೈದುನನ್ನೂ. ನಿನ್ನ ಹಳೇ ಕೋಣೆ ಹಾಗೇ ಇದೆ. ಕೂತ್ಕೊಂಡು ಏನು ಬೇಕಾದ್ರೂ ಮಾಡು.”

“ಏನು ಬೇಕಾದ್ರೂ?”

“ಹೂಂ. ಅದು ಕಂಪನೀದಾಗುತ್ತೆ, ಅಷ್ಟೇ. ಅದು ನಿನಗೆ ಹೊಸದಲ್ಲವಲ್ಲ.”

ಅವರ ದನಿಯಲ್ಲಿ ಕಪಟವಿರಲಿಲ್ಲ. ಅದೇ ಕಷ್ಟ. ಅವರು ಬೈದಿದ್ದರೆ ಎದ್ದು ಹೋಗುವುದು ಸುಲಭವಿತ್ತು. ಅವಳಿಗೆ ಆ ಕೋಣೆ ನೆನಪಾಯಿತು. ತೆರೆಯಲು ಬಾರದ ಕಿಟಕಿ, ವಾರಕ್ಕೊಮ್ಮೆ ಧೂಳು ಒರೆಸುವ ಪ್ಲಾಸ್ಟಿಕ್ ಗಿಡ, ‘ಮಾರಾಟ ಆಗ್ತಾ ಇದೆಯಲ್ಲಮ್ಮಾ’. ಹೂಂ ಎಂದರೆ ಡಬ್ಬಿ ಉಳಿಯುತ್ತದೆ, ಹುಡುಗಿಯರ ಕೆಲಸ ಉಳಿಯುತ್ತದೆ. ಅವಳೊಬ್ಬಳು ಒಳಗೆ ಹೋಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತದೆ. ಊಹೂಂ ಎಂದರೆ ಎಲ್ಲವೂ ಹೋಗಬಹುದು. ಅಡಕತ್ತರಿಯ ನಡುವಿನ ಅಡಿಕೆಗಾದರೂ ಯಾವ ಕಡೆಯಿಂದ ಏಟು ಬೀಳುತ್ತದೆಂದು ಯೋಚಿಸುವ ಕೆಲಸವಿಲ್ಲ.

“ಮೇಷ್ಟ್ರೇ, ಆ ಅಂಚು ಹರಡೋದನ್ನ ನಾನು ಸರಿಮಾಡಿದೀನಿ. ನೀವು ನೋಡಿದೀರಾ?”

“ಬಟ್ಟೆ ವಿಡಿಯೋದಲ್ಲಿ ಕಾಣಲಿಲ್ಲಮ್ಮಾ,” ಎಂದರು.

“ಅದರಲ್ಲಿ ಕಾಣಲ್ಲ.”

“ನಮ್ಮ ಹತ್ರ ಇರೋದು ಅದೊಂದೇ ಅಲ್ವಾ?” ಎಂದರು ಮೇಷ್ಟ್ರು. ಅವರು ಅದನ್ನು ನಿಜವಾಗಿಯೇ ಹೇಳುತ್ತಿದ್ದರು. ಆಗ ಜವಾನ ಬಂದು ಕೂಗಿದ. ಅತ್ತಿಗೆ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಎದ್ದು ಒಳಗೆ ಹೋದಳು.

ಕೋರ್ಟಿನ ಕೋಣೆಗೆ ಕಿಟಕಿಯೇ ಇರಲಿಲ್ಲ. ಮೂವರು ನ್ಯಾಯಾಧೀಶರು, ಮಧ್ಯದವರು ಹೆಂಗಸು, ನೆಗಡಿ ಹಿಡಿದು ಬಾಯಲ್ಲಿ ಗುಳಿಗೆ ಚೀಪುತ್ತಿದ್ದರು. ಆದರೆ ಸಾಹೇಬರು ನಿಂತು ತಮ್ಮ ವಾದ ಹೇಳಿದರು, ಚೆನ್ನಾಗಿಯೇ ಹೇಳಿದರು. ಹೊರಗೆ ಒಂದೇ ಥರ ಕಂಡರೆ ಒಳಗೂ ಒಂದೇ ಎನ್ನಲಾಗದು. ಎರಡು ಗಡಿಯಾರ ಒಂದೇ ಸಮಯ ತೋರಿಸಬಹುದು, ಒಂದು ಕೀ ಕೊಟ್ಟದ್ದು, ಒಂದು ಬ್ಯಾಟರಿಯದ್ದು. ಎಡಗಡೆಯ ನ್ಯಾಯಾಧೀಶರು ತಲೆದೂಗಿದರು. ಮೈದುನ ಅತ್ತಿಗೆಯ ಮೊಣಕೈ ತಿವಿದು, “ಗಾಡಿ ಹಳಿ ಹತ್ತಿತು” ಎಂದ.

ಮಧ್ಯದವರು ಗುಳಿಗೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. “ವಕೀಲರೇ, ನೀವು ಅಪೀಲಿನಲ್ಲಿ ಒಂದು ಕಡೆ, ಅಲ್ಲಾಡುವ ಚಿತ್ರಕ್ಕೆ ನಮ್ಮ ಡಬ್ಬಿಯಲ್ಲಿ ಬೇರೆ ದಾರಿ ಇದೆ ಅಂತ ಬರೆದಿದ್ದೀರಿ. ಬೇರೆ ಅಂದರೆ ಯಾವುದಕ್ಕಿಂತ ಬೇರೆ? ನಿಂತ ಚಿತ್ರಕ್ಕೆ ಯಾವ ದಾರಿ?”

“ಆದರೆ ಅದನ್ನು ಸಾಬೀತು ಮಾಡೋ ಭಾರ ಅವರ ಮೇಲೆ—”

“ಭಾರದ ಮಾತು ಆಮೇಲೆ. ಎರಡು ದಾರಿ ಇದ್ದರೆ ಕೆಳಗಿನ ಕೋರ್ಟು ಒಂದನ್ನೇ ನೋಡಿದೆ ಅಂತಾಯಿತು, ಅದು ಯೋಚಿಸಬೇಕಾದ ವಿಷಯ. ಆದರೆ ಮೊದಲನೆಯದೇ ಇಲ್ಲ ಅಂತ ನೀವು ಹೇಳಿದರೆ ಎರಡನೆಯದು ಇದೆ ಅಂತ ನಾನು ಹೇಗೆ ಎಣಿಸಲಿ? ನೇರವಾಗಿ ಕೇಳುತ್ತೇನೆ. ಚಿತ್ರ ನಿಂತಿರುವಾಗ ಡಬ್ಬಿ ಪೇಟೆಂಟಿನಲ್ಲಿ ಹೇಳಿದ ಹಾಗೆ ಮಾಡುತ್ತದೆಯೋ ಇಲ್ಲವೋ? ನಿಮ್ಮ ಕಕ್ಷಿದಾರರು ಹಿಂದೆಯೇ ಕೂತಿದ್ದಾರೆ. ಕೇಳಿ ಹೇಳಿ.”

ವಕೀಲರು ತಿರುಗಿ ಬಗ್ಗಿದರು. ಅವರ ಕೋಟಿನಿಂದ ಅಂಟಿನ ವಾಸನೆ ಬಂತು. “ಸುಮ್ಮನೆ ನನ್ನ ಮುಖ ನೋಡಿ,” ಎಂದು ಪಿಸುಗುಟ್ಟಿದರು. “ನೆನಪಿಲ್ಲ, ವಿವರ ನೋಡಿ ಹೇಳ್ಬೇಕು ಅಂತೀನಿ. ಮುಗೀತು.”

“ಅತ್ತಿಗೆ, ಸುಮ್ನಿರಿ,” ಎಂದ ಮೈದುನ ಹಲ್ಲುಕಚ್ಚಿ. “ಡಬ್ಬಿಗಳೆಲ್ಲ ಹೋಗ್ತವೆ.”

ಅವಳಿಗೆ ತಿಳಿದಿತ್ತು. ನೆನಪಿಲ್ಲ ಎಂದರೆ ಇವತ್ತಿಗೆ ದಾಟಬಹುದು. ಬಹುಶಃ ಪೂರ್ತಿಯೇ ದಾಟಬಹುದು; ಆ ಎಡಗಡೆಯವರು ತಲೆದೂಗುತ್ತಿದ್ದಾರೆ. ಆದರೆ ಆಮೇಲೆ? ಆಮೇಲೆ ಪ್ರತಿ ಡಬ್ಬಿಯನ್ನೂ, ಬದುಕಿರುವಷ್ಟು ದಿನ, ಇದರೊಳಗೆ ಏನಿದೆಯೋ ನನಗೆ ಗೊತ್ತಿಲ್ಲ ಎನ್ನುತ್ತಲೇ ಮಾರಬೇಕು. ಅದು ಅವಳು ಇಪ್ಪತ್ತರ ಚಿಲ್ಲರೆ ವಯಸ್ಸಿನಲ್ಲಿ, ಅಡುಗೆಮನೆಯ ಕಿಟಕಿಗೆ ಆತು ನಿಂತು, ಹೊಳೆದ ಖುಷಿಗೆ ಹಾಲು ಉಕ್ಕಿದ್ದೂ ತಿಳಿಯದೆ ನಿಂತು ಮಾಡಿದ ಯೋಚನೆ. ಅದು ಇನ್ನೊಬ್ಬರ ಆಸ್ತಿ ಎಂದು ಒಪ್ಪಬಹುದು. ಅದರ ಗುರುತೇ ಇಲ್ಲ ಎನ್ನುವುದು ಹೇಗೆ? ಬೇರೆಯವರಿಗೆ ದತ್ತು ಕೊಟ್ಟ ಮಗು ಬೀದಿಯಲ್ಲಿ ಎದುರಾದರೆ ಹೆಸರು ಹಿಡಿದು ಕೂಗದೆ ಇರಬಹುದು. ಯಾರೋ ಏನೋ ಎಂದು ಮುಖ ತಿರುಗಿಸಲು ಅವಳಿಂದ ಆಗಲಿಲ್ಲ.

“ಮಾಡುತ್ತೆ ಅಂತ ಹೇಳಿ, ಸಾರ್,” ಎಂದಳು. “ನಿಂತ ಚಿತ್ರಕ್ಕೆ ಅದೇ ದಾರಿ. ನಾನೇ ಇಟ್ಟಿದ್ದು.”

ವಕೀಲರು ಒಂದು ಕ್ಷಣ ಬಗ್ಗಿದ ಹಾಗೇ ಇದ್ದರು. ಆಮೇಲೆ ನೆಟ್ಟಗಾಗಿ, ಗಂಟಲು ಸರಿಮಾಡಿಕೊಂಡು, ಅದನ್ನೇ ಅಂದರು. ಕೋಣೆಯ ಆ ಕಡೆ ಕಂಪನಿಯ ವಕೀಲರು ಲಗುಬಗೆಯಿಂದ ಬರೆದುಕೊಂಡರು. ಮೇಷ್ಟ್ರು ಬರೆದುಕೊಳ್ಳಲಿಲ್ಲ, ಅವಳ ಕಡೆ ನೋಡುತ್ತಿದ್ದರು, ವಿದ್ಯಾರ್ಥಿ ಲೆಕ್ಕ ಸರಿಮಾಡಿ ಪರೀಕ್ಷೆಯಲ್ಲಿ ಫೇಲಾದಾಗ ನೋಡುವ ಹಾಗೆ.

ತೀರ್ಪು ಬರಲು ಮಳೆಗಾಲ ಮುಗಿಯಬೇಕಾಯಿತು. ಬಂದದ್ದು ಹೀಗೆ: ಹಳೆಯ ದಾರಿ ಕಂಪನಿಯದ್ದು, ಅದಿರುವ ಡಬ್ಬಿಗಳೆಲ್ಲ ಹಿಂದಕ್ಕೆ ಬರಬೇಕು. ಹೊಸ ದಾರಿಯನ್ನು ಕೆಳಗಿನ ಕೋರ್ಟು ನೋಡಿಯೇ ಇಲ್ಲ, ಅಲ್ಲಾಡುವ ಚಿತ್ರಗಳನ್ನು ತರಿಸಿ ಮೊದಲಿನಿಂದ ನೋಡಬೇಕು. ನೋಡಿ ಮುಗಿಸುವವರೆಗೆ ಹೊಸದನ್ನೂ ಮಾರುವಂತಿಲ್ಲ.

“ಅಂದ್ರೆ ನಾವು ಗೆದ್ವಾ, ಸೋತ್ವಾ?” ಎಂದು ಮೈದುನ ಕೇಳಿದ.

“ಆದರೆ,” ಎಂದರು ವಕೀಲರು. ಕಡತ ಮುಚ್ಚಿ ದಾರ ಕಟ್ಟಿದರು.

ಮೈದುನ ನಾಲ್ಕು ದಿನ ಮಾತು ಬಿಟ್ಟ. ಐದನೆಯ ದಿನ ಚೀಲ ಹೆಗಲಿಗೇರಿಸಿ, “ಆ ದಿಕ್ಕಿನ ಡಾಕ್ಟರುಗಳ ಹತ್ರ ನಾನು ಹೋಗ್ತೀನಿ, ಈ ದಿಕ್ಕಿಗೆ ನೀವು ಹೋಗಿ. ಬೈಗುಳ ಸಮಪಾಲು” ಎಂದ. ಅದು ರಾಜಿ ಎಂದು ಅತ್ತಿಗೆಗೆ ಅರ್ಥವಾಯಿತು.

ಹೀಗೆ ಅವಳು ಡಬ್ಬಿ ಹಿಂದಕ್ಕೆ ತರುತ್ತ ಊರ ಹೊರಗಿನ ಒಂದು ಪ್ರಾಣಿಗಳ ಆಸ್ಪತ್ರೆಗೆ ಹೋದಳು. ಡಾಕ್ಟರು ದಪ್ಪ ದನಿಯ ಹೆಂಗಸು. ಮೇಜಿನ ಮೇಲೆ ಒಂದು ಕಂದು ನಾಯಿ ಮಲಗಿತ್ತು, ಹೊಟ್ಟೆಯ ಕೂದಲು ಬೋಳಿಸಿ ಜೆಲ್ಲು ಸವರಿತ್ತು.

“ಚೆನ್ನಾಗಿ ಕೆಲಸ ಮಾಡ್ತಿದೆ, ಯಾಕೆ ಒಯ್ತೀರಿ?”

“ಅದರಲ್ಲಿ ಅರ್ಧ ನಮ್ಮದಲ್ಲ, ಡಾಕ್ಟ್ರೇ.”

“ಮತ್ಯಾರದ್ದು? ಯಾರು ಮಾಡಿದ್ದು ಆ ಅರ್ಧ?”

“ನಾನೇ.”

ಡಾಕ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಬಿಸಿಲು ಜಾಸ್ತಿ ಇತ್ತಾ ದಾರೀಲಿ? ಇರಲಿ, ಈ ನಾಯಿ ಮುಗೀಲಿ, ಆಮೇಲೆ ಕಿತ್ಕೊಂಡು ಹೋಗಿ. ಸುಮ್ನೆ ನಿಂತಿದೀರಲ್ಲ, ಇದರ ತಲೆ ಹಿಡ್ಕೊಳ್ಳಿ.”

ಅತ್ತಿಗೆ ನಾಯಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ನಡುಗುತ್ತಿತ್ತು, ಕಿವಿಯ ಹಿಂದೆ ಕೆರೆದಾಗ ಸ್ವಲ್ಪ ಸಡಿಲವಾಯಿತು. ಡಾಕ್ಟರು ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಕಡ್ಡಿ ಒತ್ತಿದರು. ಅಂಗೈಯಗಲದ ಪರದೆಯಲ್ಲಿ ಬೂದು ಬಣ್ಣದ ಮೋಡ ಕದಡಿತು, ಮೋಡದೊಳಗೆ ಒಂದು ಕಾಳಿನಷ್ಟು ಜಾಗ ಪಟಪಟ ಹೊಡೆದುಕೊಳ್ಳತೊಡಗಿತು. ಅದರ ಪಕ್ಕ ಇನ್ನೊಂದು. ಮರಿಗಳ ಎದೆ. ಕಡ್ಡಿ ಸರಿದಂತೆಲ್ಲ ಒಂದರ ಹಿಂದೆ ಒಂದು ಬಂದವು, ಓಡಿದವು, ಒಂದು ಮರಿ ಕಾಲು ಝಾಡಿಸಿತು. ಅಂಚುಗಳು ಎಲ್ಲಿಯೂ ಹರಡಲಿಲ್ಲ. ಒಂದೊಂದು ಬಡಿತವೂ ಸೂಜಿಯಲ್ಲಿ ಗೀರಿದಂತೆ ಕಂಡಿತು. ಸುತ್ತಲಿನ ನಿಂತ ಬೂದುಬಣ್ಣದಲ್ಲಿ ಹಳೆಯ ದಾರಿ, ಆ ಪುಟ್ಟ ಎದೆಗಳಲ್ಲಿ ಹೊಸ ದಾರಿ. ಎರಡೂ ಜೊತೆಯಾಗಿ, ತಕರಾರಿಲ್ಲದೆ. ಎರಡು ಕೋರ್ಟಿನಲ್ಲಿ ತೋರಿಸಲಾಗದ್ದು ಇಲ್ಲಿ ನಡೆಯುತ್ತಿತ್ತು, ನೋಡಲು ಇದ್ದವರು ಅವಳು, ಡಾಕ್ಟರು ಮತ್ತು ನಾಯಿ.

“ಆರು,” ಎಂದರು ಡಾಕ್ಟರು.

“ಏಳಲ್ವಾ? ಅಗೋ, ಮೂಲೇಲಿ.”

“ಅದು ಕರುಳು ಕಣ್ರೀ.”

“ಕರುಳು ಹಾಗೆ ಹೊಡ್ಕೊಳ್ಳಲ್ಲ. ನೋಡಿ, ಇನ್ನೊಂದ್ಸಲ ತನ್ನಿ ಆ ಕಡೆ.”

ಡಾಕ್ಟರು ತಂದರು, ಕಣ್ಣು ಕಿರಿದು ಮಾಡಿ ನೋಡಿದರು. “ಅಯ್ಯೋ, ಹೌದಲ್ಲ. ಏಳನೇದು,” ಎಂದು ನಾಯಿಯ ಬೆನ್ನು ತಟ್ಟಿದರು. “ಇದನ್ನ ಕೋರ್ಟಲ್ಲಿ ತೋರಿಸ್ಬೇಕಿತ್ತು ನೀವು.”

“ಬಟ್ಟೆ ತೋರಿಸಿದ್ವಿ,” ಎಂದಳು ಅತ್ತಿಗೆ.

ನಾಯಿ ಇಳಿದು ಮೈ ಕೊಡವಿತು. ಅವಳು ತಂತಿ ಕಿತ್ತಳು, ಪರದೆ ಕಪ್ಪಾಯಿತು. ಡಬ್ಬಿ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ತಂತಿಯನ್ನು ಅದಕ್ಕೇ ಸುತ್ತಿ, ಚೀಲದಲ್ಲಿದ್ದ ಉಳಿದವುಗಳ ಪಕ್ಕ ಇಟ್ಟಳು.

“ಮತ್ತೆ ತಂದುಕೊಡ್ತೀರಾ?” ಎಂದರು ಡಾಕ್ಟರು, ಕೈ ತೊಳೆಯುತ್ತ.

“ಅರ್ಧ ತಂದುಕೊಡ್ತೀನಿ. ಯಾವಾಗ ಅಂತ ಮಾತ್ರ ಕೇಳ್ಬೇಡಿ.”